ಮನಸ್ಸು ಮಾಡಿದ್ರೆ ಒಂದೇ ದಿನದ ಕೆಲಸ, ಅಲ್ವಾ?

ಅಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆ ಮದುವೆ ಊಟದ ಪಂಕ್ತಿಯಲ್ಲಿ ಬರುತ್ತದೆ, ಮೀನು ಮಾರ್ಕೆಟ್ಟಿನಲ್ಲಿ ಬರುತ್ತದೆ, ದವಾಖಾನೆಯ ಬೆಂಚಿನ ಮೇಲೆ ಬಿಪಿ ನೋಡಿಸಲು ಕೂತಾಗಲೂ ಬರುತ್ತದೆ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಪಕ್ಕದವರು ಕಿವಿಯ ಹತ್ತಿರ ಬಗ್ಗುತ್ತಾರೆ. "ಅಕ್ಕ, ನೀವು ಪೊಲೀಸ್ ಡಿಪಾರ್ಟ್‌ಮೆಂಟಿನಲ್ಲಿ ಇದ್ದವರು. ಆ ರಸ್ತೆಯಲ್ಲಿ ಸಂಜೆ ಮೇಲೆ ನಿಲ್ತಾರಲ್ಲ, ಅಂಥವರು… ಪೊಲೀಸರಿಗೆ ಗೊತ್ತಿಲ್ಲದೆ ಇರ್ತದಾ? ಮನಸ್ಸು ಮಾಡಿದ್ರೆ ಒಂದೇ ದಿನದಲ್ಲಿ ನಿಲ್ಲಿಸಬಹುದು, ಅಲ್ವಾ?"

ಈ 'ಅಂಥವರು' ಎನ್ನುವ ಶಬ್ದ ಬಂದ ಕೂಡಲೇ ದನಿ ಸಣ್ಣದಾಗುತ್ತದೆ. ಅಂಥವರು ಎಂದರೆ ಮೈ ಮಾರಿ ಬದುಕುವ ಹೆಂಗಸರು. ಸರ್ಕಾರದ ಕಡತದಲ್ಲಿ ಅವರು ದಮನಿತ ಮಹಿಳೆಯರು. ಸ್ಟೇಷನ್ನಿನಲ್ಲಿ ಐಟಿಪಿ ಕೇಸು, ಅಂದರೆ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯ ಕೇಸು. ನೆಂಟರ ಬಾಯಲ್ಲಿ ಅಂಥವರು. ಒಮ್ಮೆ ನಮ್ಮ ಮಾವ ಒಬ್ಬರು ಎಷ್ಟು ಗಂಟೆಗೆ ಬರುತ್ತಾರೆ, ಯಾವ ಕಂಬದ ಕೆಳಗೆ ನಿಲ್ಲುತ್ತಾರೆ, ಮಳೆಗಾಲದಲ್ಲಿ ಎಲ್ಲಿಗೆ ಸರಿಯುತ್ತಾರೆ ಎಂದು ನನಗೇ ವಿವರಿಸಿದರು. "ಮಾವ, ಬೀಟಿನವರಿಗೂ ಇಷ್ಟು ಗೊತ್ತಿಲ್ಲ" ಎಂದೆ. ಅಂದಿನಿಂದ ಅವರು ನನ್ನ ಪಂಕ್ತಿಯಲ್ಲಿ ಕೂರುವುದಿಲ್ಲ.

ಪ್ರಶ್ನೆಯ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ ಇರುತ್ತದೆ, ಅದನ್ನೂ ಮುಗಿಸಿಬಿಡುತ್ತೇನೆ. ಪೊಲೀಸರು ಮಾಮೂಲಿ ತಿನ್ನುತ್ತಾರೆ, ಅದಕ್ಕೇ ಸುಮ್ನಿದ್ದಾರೆ ಅಂತ ಅಲ್ವಾ? ತಿನ್ನುವವರು ಇದ್ದರು. ನಾನು ತಿಂದಿಲ್ಲ. ನಂಬುವವರು ನಂಬಿ, ಬಿಡುವವರು ಬಿಡಿ.

ಈಗ ಕಾನೂನು. ಈ ಐಟಿಪಿ 1956ರ ಕಾಯ್ದೆ, 1986ರಲ್ಲಿ ಹೆಸರೂ ಕೆಲವು ಕಲಮುಗಳೂ ಬದಲಾದವು. ವೇಶ್ಯಾಗೃಹ ನಡೆಸುವುದು ಅಪರಾಧ. ಇನ್ನೊಬ್ಬಳ ಸಂಪಾದನೆಯಲ್ಲಿ ಬದುಕುವುದು ಅಪರಾಧ. ದೇವಸ್ಥಾನ, ಶಾಲೆ, ಆಸ್ಪತ್ರೆಯಂಥ ಜಾಗಗಳಿಂದ 200 ಮೀಟರ್ ಒಳಗೆ ಮಾಡುವುದು ಅಪರಾಧ, ರಸ್ತೆಯಲ್ಲಿ ನಿಂತು ಕರೆಯುವುದೂ ಅಪರಾಧ. ಆದರೆ ಒಬ್ಬ ಹೆಂಗಸು ತಾನಾಗಿ ಆ ಕೆಲಸ ಮಾಡುವುದೇ ಅಪರಾಧ ಎಂದು ಅದರಲ್ಲಿ ಎಲ್ಲೂ ಇಲ್ಲ. ಇದನ್ನು ಹೇಳಿದರೆ ಜನ ನನ್ನನ್ನೇ ಸಂಶಯದಿಂದ ನೋಡುತ್ತಾರೆ.

ರಸ್ತೆಯಲ್ಲಿ ಕರೆದಳು ಎಂದು ಹಿಡಿದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾನು ನೋಡಿದ್ದೆಲ್ಲ ದಂಡವೇ. ದಂಡ ಕಟ್ಟಿದವಳು ಮೂರನೆಯ ದಿನ ಅದೇ ಕಂಬದ ಕೆಳಗೆ. ಕಟ್ಟಲು ಮಾಡಿದ ಸಾಲ ತೀರಬೇಕಲ್ಲ. ಇನ್ನು ಮನೆಗೋ ಲಾಡ್ಜಿಗೋ ರೇಡ್ ಎಂದರೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಜೊತೆಗೆ ಇರಲೇಬೇಕು. ನಮ್ಮ ಸ್ಟೇಷನ್ನಿನಲ್ಲಿ ಇದ್ದದ್ದೇ ಇಬ್ಬರು. ಹಾಗಾಗಿ ಮಗಳಿಗೆ ಜ್ವರ ಇರಲಿ, ಮನೆಯಲ್ಲಿ ಚೌತಿ ಇರಲಿ, ರಾತ್ರಿ ಹನ್ನೊಂದಕ್ಕೆ ಜೀಪು ಬಂದರೆ ಹೊರಡಬೇಕು.

ಒಂದೇ ದಿನದಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಎನ್ನುವುದನ್ನು ಕಾರವಾರದವರು ದೂರದಿಂದ ಕೇಳಬೇಕಾಗಿಲ್ಲ. 2004ರ ಜೂನ್‌ನಲ್ಲಿ ಪಕ್ಕದ ಗೋವಾದಲ್ಲಿ, ವಾಸ್ಕೋದ ಬೈನಾ ಬೀಚಿನ ಗುಡಿಸಲುಗಳಿಗೆ ಬುಲ್ಡೋಜರ್ ಬಂತು. ಅಲ್ಲಿದ್ದ ಹೆಂಗಸರಲ್ಲಿ ಕರ್ನಾಟಕದವರು, ಆಂಧ್ರದವರು ಬಹಳ. ಆ ವಾರ ನನಗೆ ಮಾಜಾಳಿ ಗಡಿಯಲ್ಲಿ ಬಂದೋಬಸ್ತ್ ಇತ್ತು. ಸುರಿಯುವ ಮಳೆ. ಗೋವಾದ ಕದಂಬ ಬಸ್ಸಿನಿಂದ ಒಬ್ಬಳು ಸ್ಟವ್ವು, ಬಕೆಟ್ಟು, ಒಂದು ಮಗು ಸಮೇತ ಇಳಿದಳು. ಹುಬ್ಬಳ್ಳಿ ಬಸ್ ಎಲ್ಲಿಂದ ಎಂದು ಕೇಳಿದಳು. ಕಾರವಾರ ಸ್ಟ್ಯಾಂಡಿನಿಂದ ಎಂದೆ. ಅಲ್ಲಿ ಗೋವಾದಲ್ಲಿ ಯಾರೋ ಕೈ ತೊಳೆದುಕೊಂಡು "ನಿಂತಿತು" ಎಂದಿರಬೇಕು. ಎಲ್ಲಿ ನಿಂತಿತು? ಬಸ್ಸು ಹತ್ತಿತು, ಅಷ್ಟೇ.

ಇನ್ನು ನಾನು ಹೇಳಬೇಕೆಂದಿದ್ದ ಸಂಗತಿ. ಊರಿನ ಹೆಸರು ಹೇಳುವುದಿಲ್ಲ. ಕರಾವಳಿಯ ಒಂದು ತಾಲ್ಲೂಕು ಊರು ಎಂದುಕೊಳ್ಳಿ. ಹೆಸರು ಹೇಳಿದರೆ ನಾಳೆಯಿಂದ ಆ ರಸ್ತೆಯಲ್ಲಿ ಬಸ್ಸಿಗೆ ಕಾಯುವ ಟೀಚರನ್ನೂ ಜನ ಬೇರೆ ಥರ ನೋಡುತ್ತಾರೆ.

2017ರಲ್ಲಿ ಹೊಸ ಬೀಟ್ ಪದ್ಧತಿ ಬಂತು. ಒಂದೊಂದು ಏರಿಯಾಕ್ಕೆ ಒಬ್ಬ ಪೊಲೀಸು, ಜೊತೆಗೆ ಅಲ್ಲಿಯದೇ ನಾಗರಿಕರು. ನಾನಾಗ ಹೆಡ್ ಕಾನ್‌ಸ್ಟೇಬಲ್. ಮರುವರ್ಷ ನನ್ನ ಬೀಟಿನ ನಾಗರಿಕರು ಒಂದು ಅರ್ಜಿ ಹಿಡಿದು ಬಂದರು. ಎರಡು ಹಾಳೆ ಸಹಿ. 'ಅನೈತಿಕ ಚಟುವಟಿಕೆ ಕೂಡಲೇ ನಿಲ್ಲಿಸಬೇಕು.' ದೇವಸ್ಥಾನದ ಹಿಂದಿನ ಹಾಲಿನಲ್ಲಿ ಮೀಟಿಂಗು, ಅವಲಕ್ಕಿ, ಚಹಾ.

ನಾನು ಕೇಳಿದ್ದು ಒಂದೇ: "ನಿಮಗೆ ತೊಂದರೆ ಏನು? ಒಬ್ಬೊಬ್ಬರೇ ಹೇಳಿ, ಬರ್ಕೊಳ್ತೇನೆ."

ಒಬ್ಬರಿಗೆ ರಾತ್ರಿ ಬೈಕುಗಳ ಸದ್ದು. ಒಬ್ಬರ ಮಗಳು ಟ್ಯೂಷನ್ ಮುಗಿಸಿ ಬರುವಾಗ ಯಾವನೋ "ಬರ್ತೀಯಾ" ಎಂದಿದ್ದ. ಇನ್ನೊಬ್ಬರ ಗೇಟಿನ ಬಳಿ ಬೆಳಿಗ್ಗೆ ಬಾಟಲಿ, ನಿರೋಧು. ಕಾಂಪೌಂಡಿನ ಮೂಲೆಯಲ್ಲಿ ಉಚ್ಚೆ. ಅಂಗಡಿಯವರಿಗೆ ಸಂಜೆ ಹೆಂಗಸರು ಸಾಮಾನಿಗೆ ಬರುವುದಿಲ್ಲ ಎನ್ನುವ ಚಿಂತೆ. ಹಿರಿಯರೊಬ್ಬರು ಮಾತ್ರ "ಊರಿನ ಮರ್ಯಾದೆ" ಎಂದರು. ಅದನ್ನೂ ಬರೆದುಕೊಂಡೆ.

ಪಟ್ಟಿ ಓದಿ ಹೇಳಿದೆ. ಬೈಕು ಗಂಡಸರದ್ದು. ಕರೆದವನು ಗಂಡಸು. ಬಾಟಲಿ, ಉಚ್ಚೆ, ಅದೂ ಗಂಡಸರದ್ದೇ. ಅರ್ಜಿಯಲ್ಲಿ ಮಾತ್ರ ಒಬ್ಬ ಗಂಡಸೂ ಇಲ್ಲವಲ್ಲ? ಹಾಲಿನಲ್ಲಿ ಫ್ಯಾನಿನ ಸದ್ದು ಜೋರಾಗಿ ಕೇಳಿತು.

ಇದು ನನ್ನ ತಲೆಯಿಂದ ಬಂದ ಬುದ್ಧಿಯೇನಲ್ಲ. ಒಂದು ಟ್ರೈನಿಂಗಿನಲ್ಲಿ, ಊಟದ ನಂತರದ ಕ್ಲಾಸಿನಲ್ಲಿ, ಅರ್ಧ ನಿದ್ದೆಯಲ್ಲಿ ಕೇಳಿದ್ದು. ಹರ್ಮನ್ ಗೋಲ್ಡ್‌ಸ್ಟೀನ್ ಎಂಬ ಅಮೆರಿಕದ ಪ್ರೊಫೆಸರು 1979ರಲ್ಲಿ ಬರೆದಿದ್ದರಂತೆ: ಒಂದೇ ಜಾಗದಿಂದ ಮತ್ತೆ ಮತ್ತೆ ದೂರು ಬಂದರೆ ಪ್ರತಿ ಸಲವೂ ಬೇರೆ ಕೇಸೆಂದು ಓಡಬೇಡಿ, ಅದರ ಹಿಂದೆ ಇರುವ ತೊಂದರೆ ಏನೆಂದು ಬಿಡಿಸಿ ನೋಡಿ. ನಮ್ಮ 1956ರ ಕಾಯ್ದೆಯೂ ಕಡಿಮೆಯಿಲ್ಲ. ಈ ಕೆಲಸಕ್ಕೆಂದು ನೇಮಕವಾದ ಪೊಲೀಸ್ ಅಧಿಕಾರಿಗೆ ಸಲಹೆ ಕೊಡಲು ಐದು ಜನರವರೆಗಿನ ಸಮಾಜ ಸೇವಕರ ಮಂಡಳಿ ಮಾಡಬಹುದು, ಆದಷ್ಟು ಮಟ್ಟಿಗೆ ಅದರಲ್ಲಿ ಹೆಂಗಸರೂ ಇರಬೇಕು ಎನ್ನುತ್ತದೆ. ನನ್ನ ಇಡೀ ಸರ್ವಿಸಿನಲ್ಲಿ ಅಂಥ ಮಂಡಳಿ ಕೂತದ್ದನ್ನು ನಾನು ನೋಡಲಿಲ್ಲ.

ಇರಲಿ. ಪುರಸಭೆಯ ಹಿಂದೆ ಬಿದ್ದು ಮೂರು ಲೈಟು ಹಾಕಿಸಿದೆವು. ಹಾಳುಬಿದ್ದ ಗೋಡೆಯ ಹಿಂದಿನ ಪೊದೆ ಕಡಿಸಿದೆವು, ಗೋಡೆಯ ಸಂದಿಗೆ ಕಲ್ಲು ಕಟ್ಟಿಸಿದೆವು. ರಾತ್ರಿ ಒಂಬತ್ತರಿಂದ ಹನ್ನೊಂದು ನಾನೂ ಒಬ್ಬ ಹುಡುಗ ಕಾನ್‌ಸ್ಟೇಬಲ್ಲೂ ನಿಂತು ಬೈಕು ತಡೆದೆವು. ಬೇರೇನೂ ಇಲ್ಲ. ಹೆಲ್ಮೆಟ್ಟು, ಡಿಎಲ್ಲು, ಇನ್ಶೂರೆನ್ಸು. "ಮನೆ ಎಲ್ಲಿ? ತಂದೆ ಹೆಸರು?" ಎಂದು ಪುಸ್ತಕ ತೆಗೆದರೆ ಸಾಕು, ಗಂಡಾಳುಗಳು ಬೆವರುತ್ತಿದ್ದರು. ಅರ್ಜಿಗೆ ಸಹಿ ಹಾಕಿದ ಒಂದು ಮನೆಯ ಬೈಕೂ ಸಿಕ್ಕಿತು. ಯಾರದ್ದು ಎಂದು ಹೇಳುವುದಿಲ್ಲ, ಅವರ ಮನೆಯಲ್ಲಿ ಮೊಬೈಲು ಇದೆ.

ಎರಡು ತಿಂಗಳಲ್ಲಿ ರಸ್ತೆ ತಣ್ಣಗಾಯಿತು. ನನಗೆ ಶಾಲು, ಹಾರ, ತೆಂಗಿನಕಾಯಿ. ಹಾರ ಹಾಕಿಸಿಕೊಂಡ ಫೋಟೋ ಈಗಲೂ ಶೋಕೇಸಿನಲ್ಲಿದೆ. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅಂದು ಯಾರೂ ಕೇಳದ ಪ್ರಶ್ನೆ, ಇಂದಿಗೂ ಯಾರೂ ಕೇಳದ ಪ್ರಶ್ನೆ: ಅವರು ಎಲ್ಲಿಗೆ ಹೋದರು? ಅದಕ್ಕಿಂತ ಮುಖ್ಯವಾಗಿ, ಅವರಲ್ಲಿ ಒಬ್ಬಳು ಸ್ಟೇಷನ್ನಿಗೆ ದೂರು ಕೊಡಲು ಬಂದರೆ ನೀವು ಏನು ಮಾಡುತ್ತೀರಿ?

ಹೋದದ್ದು ಹೈವೇಗೆ. ಆಗ ಚತುಷ್ಪಥದ ಕೆಲಸ ನಡೆಯುತ್ತಿತ್ತು. ಊರಿನಿಂದ ಎರಡು ಕಿಲೋಮೀಟರು, ಜಲ್ಲಿ ರಾಶಿ, ಕತ್ತಲೆ, ಸಾಲಾಗಿ ನಿಲ್ಲುವ ಲಾರಿಗಳು. ಪಕ್ಕದಲ್ಲಿ ಮನೆ ಇಲ್ಲ, ಆದ್ದರಿಂದ ಅರ್ಜಿಯೂ ಇಲ್ಲ. ಒಂದು ಬೆಳಿಗ್ಗೆ ಅವರಲ್ಲೊಬ್ಬಳು ಸ್ಟೇಷನ್ನಿಗೆ ಬಂದಳು. ಘಟ್ಟದ ಮೇಲಿನವಳು, ನಲವತ್ತರ ಹತ್ತಿರ ವಯಸ್ಸು. ನನ್ನನ್ನು "ಅಕ್ಕೋರೇ" ಎನ್ನುತ್ತಿದ್ದಳು. ನಮ್ಮ ಜಿಲ್ಲೆಯಲ್ಲಿ ಶಾಲೆಯ ಟೀಚರಿಗೆ ಹಾಗೆನ್ನುತ್ತಾರೆ, ಎಲ್ಲೋ ಕೇಳಿ ಕಲಿತಿರಬೇಕು. ಹುಬ್ಬಿನ ಮೇಲೆ ಗಾಯ, ಸೆರಗಿನಲ್ಲಿ ಒತ್ತಿ ಹಿಡಿದಿದ್ದಳು. ಇಬ್ಬರು ಹೊಡೆದು ದುಡ್ಡು, ಮೊಬೈಲು ಕಿತ್ತುಕೊಂಡಿದ್ದರು.

ಸ್ಟೇಷನ್ ರೈಟರು ಪೆನ್ನು ಮುಚ್ಚದೆಯೇ ನಕ್ಕರು. "ಯಾವ ಸೆಕ್ಷನ್ ಹಾಕೋದು? ವ್ಯಾಪಾರದಲ್ಲಿ ಮೋಸ?" ಉಳಿದವರೂ ನಕ್ಕರು. ನಾನು ನಗಲಿಲ್ಲ. ಅಷ್ಟೇ ನಾನು ಮಾಡಿದ್ದು. ಹಲ್ಲೆ, ಸುಲಿಗೆ, ಎರಡೂ ಕಾನೂನಿನಲ್ಲಿ ಢಾಳಾಗಿ ಇವೆ, ನನಗೆ ಬಾಯಿಪಾಠ ಇತ್ತು. ಆದರೆ ಅವಳನ್ನು ಚಹಾ ಅಂಗಡಿಗೆ ಕರೆದುಕೊಂಡು ಹೋದೆ. ಆಸ್ಪತ್ರೆಗೆ ಆಟೋ ಹತ್ತಿಸಿ ನೂರು ರೂಪಾಯಿ ಕೊಟ್ಟೆ. ಕೇಸು ಬರೆಸಲಿಲ್ಲ.

ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಬಗ್ಗೆ ನಿವೃತ್ತಳಾದ ಮೇಲೆ ಓದಿದೆ. 2006ರಲ್ಲಿ ಬೀದಿಯಲ್ಲಿ ನಿಲ್ಲುತ್ತಿದ್ದ ಐವರು ಹೆಂಗಸರನ್ನು ಒಬ್ಬನೇ ಕೊಂದ. ಆಮೇಲೆ ಅಲ್ಲಿಯವರು ಕಾರಿನಲ್ಲಿ ಬರುವ ಗಂಡಸರನ್ನು ಹಿಡಿದರು, ಹೆಂಗಸರಿಗೆ ಮನೆ, ನಶೆ ಬಿಡಿಸುವ ಚಿಕಿತ್ಸೆ ಎಂದು ಒಬ್ಬೊಬ್ಬರ ಹಿಂದೆ ವರ್ಷಗಟ್ಟಲೆ ಕೆಲಸ ಮಾಡಿದರು. ಒಂದು ದಿನದಲ್ಲಲ್ಲ. ಮತ್ತು ಐದು ಹೆಣ ಬಿದ್ದ ಮೇಲೆ.

ನಮ್ಮ ಸುಪ್ರೀಂ ಕೋರ್ಟು 2022ರ ಮೇ 19ರಂದು ಒಂದು ಆದೇಶ ಮಾಡಿತು. ಈ ಹೆಂಗಸರನ್ನು ಪೊಲೀಸರು ಘನತೆಯಿಂದ ನಡೆಸಿಕೊಳ್ಳಬೇಕು, ಬೈಯುವಂತಿಲ್ಲ, ಹೊಡೆಯುವಂತಿಲ್ಲ. ಅದಾಗಿ ಹನ್ನೆರಡು ದಿನಕ್ಕೆ ನಾನು ನಿವೃತ್ತಳಾದೆ. ನನ್ನ ಕಾಲದ ಅರ್ಧ ಜನರಂತೆ ನನಗೂ ಮಾಸ್ತರರು ಜೂನ್ 1 ಹುಟ್ಟಿದ ದಿನ ಎಂದು ಬರೆದಿದ್ದರು. ಬೀಳ್ಕೊಡುಗೆಯಲ್ಲಿ ಮತ್ತೆ ಶಾಲು. ಆದೇಶದ ಪ್ರತಿ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು. ನಾಲ್ಕು ವರ್ಷ ಮೊದಲು ಬಂದಿದ್ದರೆ ಬರೆಸುತ್ತಿದ್ದೆನಾ? ಗೊತ್ತಿಲ್ಲ. ಆಗಲೂ ಕಾನೂನು ಇತ್ತಲ್ಲ.

ಹೊಲಿಗೆ ಬಿಚ್ಚಿಸಿದ ಮೇಲೆ ಅವಳು ಇನ್ನೊಮ್ಮೆ ಸಿಕ್ಕಳು, ಸಂತೆಯಲ್ಲಿ, ಉಳ್ಳಾಗಡ್ಡೆ ಆರಿಸುತ್ತಿದ್ದಳು. ಕೇಸಿನ ಮಾತೇ ಎತ್ತಲಿಲ್ಲ. "ಅಕ್ಕೋರೇ, ಆ ರಸ್ತೆಗೆ ಲೈಟು ಹಾಕಿಸಿದ್ರಲ್ಲ, ಹೈವೇಲೂ ಒಂದು ಹಾಕಿಸ್ರಿ. ಮುಖ ಕಾಣ್ಬೇಕು" ಎಂದಳು.

ಅರ್ಜಿ ಬರೆದೆ. ಮನೆಯಲ್ಲಿ ಕೂತು, ಮಗಳ ನೋಟ್‌ಬುಕ್ಕಿನ ಹಾಳೆ ಹರಿದು. ಅಪಘಾತ ತಪ್ಪಿಸಲು ದೀಪ ಬೇಕು ಎಂದು ಕಾರಣ ಕೊಟ್ಟೆ. ಕೊನೆಯಲ್ಲಿ 'ಅರ್ಜಿದಾರರು' ಎಂಬಲ್ಲಿ ಬಂದು ನಿಂತೆ. ಅವಳ ಹೆಸರು ಬರೆಯುವಂತಿಲ್ಲ. ನನ್ನದು ಬರೆದರೆ ನೂರು ಪ್ರಶ್ನೆ. ಚಹಾ ಆರಿತು. ಕೊನೆಗೆ 'ಸ್ಥಳೀಯ ನಾಗರಿಕರು' ಎಂದು ಬರೆದು ಮಡಚಿದೆ.

ಕಂಬ ಬಂದದ್ದು ಎರಡು ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ನನಗೆ ಬೇರೆ ಸ್ಟೇಷನ್ನಿಗೆ ವರ್ಗವಾಗಿತ್ತು.