ಬರೆದುಕೊಳ್ಳದವರೇ ಈಗ ಕಾಗದ ಕೇಳುತ್ತಾರೆ

ನಾವಿರುವುದು ಅಮೆರಿಕದ ಅಲಬಾಮ ರಾಜ್ಯದ ಮೊಬೈಲ್ ಊರಿನಲ್ಲಿ. ಇಲ್ಲಿಂದ ಉತ್ತರಕ್ಕೆ ಹೋದರೆ ಮೌಂಟ್ ವರ್ನನ್ ಸುತ್ತಮುತ್ತ ಪೈನ್ ಕಾಡು. ಅಲ್ಲಿ ಮೋವಾ ಚಾಕ್ಟಾ ಅನ್ನುವ ಬುಡಕಟ್ಟಿನ ಜನ ಇದ್ದಾರೆ, ಅಮೆರಿಕದ ಮೂಲನಿವಾಸಿಗಳು, ಇಲ್ಲಿ ‘ಇಂಡಿಯನ್’ ಅಂತ ಕರೆಯುವುದು ಇಂಥವರನ್ನೇ. ತಮ್ಮ ಮುಖ್ಯಸ್ಥರನ್ನು ತಾವೇ ಆರಿಸಿಕೊಳ್ಳುತ್ತಾರೆ. ಕೌನ್ಸಿಲ್ ಇದೆ, ಸದಸ್ಯರ ಪಟ್ಟಿ ಇದೆ, ಬುಡಕಟ್ಟಿನದೇ ಜಮೀನಿದೆ. ಅಲಬಾಮ ಸರ್ಕಾರ 1979ರಲ್ಲೇ ಇವರನ್ನು ಇಂಡಿಯನ್ ಬುಡಕಟ್ಟು ಅಂತ ಒಪ್ಪಿಕೊಂಡಿತು. ಕೇಂದ್ರ ಸರ್ಕಾರ ಮಾತ್ರ ಮಾನ್ಯತೆ ಕೇಳಿದ ಇವರ ಅರ್ಜಿಯನ್ನು 1997ರಲ್ಲಿ ತಳ್ಳಿಹಾಕಿತು. ಹಳೆಯ ಚಾಕ್ಟಾ ವಂಶದವರು ಅನ್ನುವುದಕ್ಕೆ ದಾಖಲೆ ಸಾಲದು ಅಂತ.

ನನಗೆ ಸಿಟ್ಟು ಬರುವುದು ಇಲ್ಲೇ. 1830ರ ಡ್ಯಾನ್ಸಿಂಗ್ ರ‍್ಯಾಬಿಟ್ ಕ್ರೀಕ್ ಒಪ್ಪಂದದಲ್ಲಿ ಚಾಕ್ಟಾ ಜನರ ನೆಲ ಕಿತ್ತುಕೊಂಡು, ಅವರನ್ನು ಮಿಸಿಸಿಪಿ ನದಿಯಾಚೆ ಸಾಗಿಸಲು ಹೊರಟರು. ಹೋಗಲು ಮನಸ್ಸಿಲ್ಲದವರಿಗೆ 14ನೇ ಕಲಮಿನಲ್ಲಿ ಒಂದು ದಾರಿಯಿತ್ತು. ಆರು ತಿಂಗಳೊಳಗೆ ಸರ್ಕಾರಿ ಏಜೆಂಟನ ಹತ್ತಿರ ಹೆಸರು ಬರೆಸಬೇಕು, ಆಗ ಮನೆ ಯಜಮಾನನಿಗೆ 640 ಎಕರೆ. ಏಜೆಂಟ್ ವಿಲಿಯಂ ವಾರ್ಡ್ ಏನು ಮಾಡಿದ? ಹೆಸರು ಬರೆಸಲು ಬಂದವರನ್ನೇ ವಾಪಸ್ ಅಟ್ಟಿದ. ಸಾವಿರಾರು ಜನ ಊರು ಬಿಡದೆ ಉಳಿದರು, ಅವನ ಪಟ್ಟಿಯಲ್ಲಿ ಇದ್ದದ್ದು 69 ಯಜಮಾನರು! ಇದು ಹೆಚ್ಚಾಗಿ ಪಕ್ಕದ ಮಿಸಿಸಿಪಿ ರಾಜ್ಯದ ಕಡೆ ನಡೆದದ್ದು, ನಿಜ. ಆದರೆ ಹಾಗೆ ತಪ್ಪಿಸಿಕೊಂಡು ಉಳಿದವರ ಮಕ್ಕಳೇ ನಾವು ಅಂತಾರೆ ಮೋವಾ ಜನ. ಅಡಗಿ ಬದುಕಿದವರು ಯಾವ ಕಚೇರಿಗೆ ಹೋಗಿ ದಾಖಲೆ ಮಾಡಿಸುತ್ತಾರೆ ಹೇಳಿ?

ವರ್ಣಭೇದದ ಕಾಲದಲ್ಲಿ ಈ ಭಾಗದಲ್ಲಿ ಬಿಳಿಯರಿಗೊಂದು ಶಾಲೆ, ಕಪ್ಪು ಜನರಿಗೊಂದು, ಇವರಿಗೆ ಮೂರನೆಯದು. ಬೇರೆ ಕೂರಿಸುವಾಗ ಯಾರೂ ವಂಶಾವಳಿ ಕೇಳಲಿಲ್ಲ. ಇಂಡಿಯನ್ ಅಂತ ಬರೆದುಕೊಳ್ಳಲೂ ಇಲ್ಲ, ಮಿಶ್ರ ರಕ್ತದವರು ಅನ್ನುವ ಅರ್ಥದಲ್ಲಿ ‘ಕೇಜನ್’ ಅಂತ ಹಣೆಪಟ್ಟಿ ಹಚ್ಚಿದರು.

ಕೇಂದ್ರದ ಮಾನ್ಯತೆ ಅಂದರೆ ಬರೀ ಕ್ಯಾಸಿನೋ ನಡೆಸುವ ಅವಕಾಶ ಅಂದುಕೊಂಡವರೇ ಜಾಸ್ತಿ. ಪಕ್ಕದ ಆಟ್‌ಮೋರ್‌ನ ಪೋರ್ಚ್ ಕ್ರೀಕ್ ಬುಡಕಟ್ಟಿಗೆ 1984ರಲ್ಲಿ ಮಾನ್ಯತೆ ಸಿಕ್ಕಿತು, ಅಲ್ಲಿ ದೊಡ್ಡ ಕ್ಯಾಸಿನೋ ಇದೆ, ಅದಕ್ಕೆ ಈ ಮಾತು. ಆದರೆ ಅದಷ್ಟೇ ಅಲ್ಲ, ಹದ್ದಿನ ಗರಿಯ ವಿಷಯ ನೋಡಿ. ಪೂಜೆ, ಕುಣಿತಕ್ಕೆ ಅದು ಬೇಕೇ ಬೇಕು. ಸತ್ತ ಹದ್ದುಗಳನ್ನು ಕೊಲರಾಡೋದ ಸರ್ಕಾರಿ ಉಗ್ರಾಣದಲ್ಲಿಟ್ಟು ಹಂಚುತ್ತಾರೆ, ಕೇಂದ್ರ ಮಾನ್ಯ ಮಾಡಿದ ಬುಡಕಟ್ಟುಗಳವರಿಗೆ ಮಾತ್ರ. ಆದರೆ 1990ರ ಕರಕುಶಲ ಕಾಯ್ದೆ ಪ್ರಕಾರ ಮೋವಾ ಹೆಂಗಸು ಹೆಣೆದ ಬುಟ್ಟಿಯನ್ನು ‘ಇಂಡಿಯನ್ ಕೈಕೆಲಸ’ ಅಂತ ಮಾರಬಹುದು, ಯಾಕಂದರೆ ಆ ಕಾಯ್ದೆಗೆ ರಾಜ್ಯದ ಮಾನ್ಯತೆಯೇ ಸಾಕು. ಅದೇ ಕೇಂದ್ರ ಸರ್ಕಾರ, ಅದೇ ಹೆಂಗಸು. ಬುಟ್ಟಿಗೆ ಇಂಡಿಯನ್, ಗರಿಗೆ ಅಲ್ಲ. ಇದು ಅನ್ಯಾಯ ಅಲ್ವಾ?

ಜೂನ್‌ನಲ್ಲಿ ಮೋವಾ ಜನರ ಪೌ-ವೌ, ಅಂದರೆ ಹಾಡು-ಕುಣಿತದ ಹಬ್ಬ ನಡೆಯುತ್ತೆ, ಹೊರಗಿನವರೂ ಹೋಗಬಹುದು. ಈ ಕಡೆ ಇರುವ ಕನ್ನಡದವರು ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.