ಹೆಬ್ಬೆರಳಿನ ಅಭ್ಯಾಸ: ಒಂಬತ್ತನೇ ವಾರ

ಕೊನೆಗೂ ಆಕ್ಟೇವ್ ಭಾಗಕ್ಕೆ ಬಂದೆ!

ಹೊಸಬರಿಗೆ ಒಂದು ಮಾತು. ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ ಅವರ ‘ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್’ ಆಲ್ಬಮ್‌ನಲ್ಲಿರುವ ‘ವೆಸ್ಟ್ ಕೋಸ್ಟ್ ಬ್ಲೂಸ್’ ಸೋಲೋ (ಗಿಟಾರ್ ಮುಂದೆ ನಿಂತು ನುಡಿಸುವ ಭಾಗ) ಪೂರ್ತಿಯಾಗಿ ಕೇಳಿಕೇಳಿಯೇ ಕಲಿಯುತ್ತಿದ್ದೇನೆ. ಸ್ವರಲಿಪಿ ನೋಡುತ್ತಿಲ್ಲ. ವೆಸ್ ಕಲಿತದ್ದೂ ಹಾಗೇ ಅಲ್ವಾ, ಅವರಿಗಿಂತ ಹಿಂದಿನ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ರೆಕಾರ್ಡ್‌ಗಳನ್ನು ಕೇಳಿ. ಆಲ್ಬಮ್ ರೆಕಾರ್ಡ್ ಆದದ್ದು 1960ರ ಜನವರಿ 26 ಮತ್ತು 28ರಂದು, ನ್ಯೂಯಾರ್ಕ್‌ನಲ್ಲಿ. ಎರಡೇ ದಿನದಲ್ಲಿ ಎಂಟು ಟ್ರ್ಯಾಕ್! ಪಿಯಾನೋ ಟಾಮಿ ಫ್ಲಾನಗನ್, ಬಾಸ್ ಪರ್ಸಿ ಹೀತ್, ಡ್ರಮ್ಸ್ ಪರ್ಸಿಯ ತಮ್ಮ ಆಲ್ಬರ್ಟ್.

ಈ ಸೋಲೋ ಮೆಟ್ಟಿಲು ಹತ್ತಿದ ಹಾಗೆ ಬೆಳೆಯುತ್ತದೆ. ಮೊದಲು ಒಂಟಿ ಸ್ವರ, ಆಮೇಲೆ ಆಕ್ಟೇವ್, ಕೊನೆಗೆ ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ. ಆಕ್ಟೇವ್ ಅಂದರೆ ಕೆಳಗಿನ ‘ಸ’, ಮೇಲಿನ ‘ಸ’ ಎರಡನ್ನೂ ಒಟ್ಟಿಗೆ ನುಡಿಸುವುದು. ಆರನೇ ತಂತಿಯ ಮೇಲೆ ತೋರುಬೆರಳು, ಎರಡು ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮನೆ) ಮುಂದೆ ನಾಲ್ಕನೇ ತಂತಿಯ ಮೇಲೆ ಕಿರುಬೆರಳು. ನಡುವಿನ ಐದನೇ ತಂತಿ ಸದ್ದು ಮಾಡಬಾರದು. ಅದನ್ನು ತೋರುಬೆರಳಿನ ಹೊಟ್ಟೆಯಿಂದಲೇ ತಡೆಯಬೇಕು. ಬೆರಳು ಸರಿಯಾಗಿ ಕೂತರೆ, ಹೆಬ್ಬೆರಳು ಮೂರೂ ತಂತಿ ಸವರುವಾಗ ನಡುವೆ ‘ಟಕ್’ ಅಂತ ಸಣ್ಣ ಸದ್ದು ಬರುತ್ತದೆ, ಮರ ತಟ್ಟಿದ ಹಾಗೆ. ಮಂಗಳವಾರ ರಾತ್ರಿ ಆ ‘ಟಕ್’ ಮೊದಲ ಸಲ ಕೇಳಿಸಿತು. ಸುಮ್ನೆ ಅದನ್ನೇ ಅರ್ಧ ಗಂಟೆ ನುಡಿಸಿದೆ.

ತೆಳು ತಂತಿಗಳ ಕಡೆ ಹೋದರೆ ಅಂತರ ಮೂರು ಫ್ರೆಟ್ ಆಗುತ್ತದೆ. ಅಲ್ಲಿ ಇನ್ನೂ ಬೆರಳು ತಪ್ಪುತ್ತಿದೆ.

ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಬಿಟ್ಟು ಹೆಬ್ಬೆರಳಿನಿಂದ ನುಡಿಸಲು ಶುರುಮಾಡಿ ಒಂಬತ್ತು ವಾರ ಆಯಿತು. ಹೆಬ್ಬೆರಳಿನ ಬದಿಯ ಚರ್ಮ ಈಗ ಗಟ್ಟಿಯಾಗಿದೆ. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ವೆಸ್ ಪಿಕ್ ಬಿಟ್ಟು ಹೆಬ್ಬೆರಳಿಗೆ ಬಂದರು ಅಂತ ಹೇಳುತ್ತಾರೆ. ನನ್ನ ಅಭ್ಯಾಸವೂ ಮಗಳು ಮಲಗಿದ ಮೇಲೆಯೇ. ಆಂಪ್ಲಿಫೈಯರ್ ತೀರಾ ಸಣ್ಣಗೆ ಇಟ್ಟರೂ ಹೆಬ್ಬೆರಳಿನ ಸ್ವರಕ್ಕೆ ಒಂದು ದುಂಡುತನ ಇದೆ. ಪಿಕ್‌ನಲ್ಲಿ ಅದು ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಈ ವಾರ ತುಂಬಾ ಕಾಡಿದ್ದು ಲಯ. ಸಾಮಾನ್ಯ ಬ್ಲೂಸ್‌ಗೆ ನಾಲ್ಕರ ಎಣಿಕೆ, ಇದಕ್ಕೆ ಮೂರು. ಆಕ್ಟೇವ್ ಶುರುವಾದ ಕೂಡಲೇ ನಾನು ಲಯ ಬಿಟ್ಟು ಮುಂದೆ ಓಡುತ್ತಿದ್ದೆ. ಮೆಟ್ರೊನೋಮ್ (ತಾಳ ಎಣಿಸುವ ಸಾಧನ) ಹಾಕಿದರೂ ಅಷ್ಟೇ. ಗುರುವಾರ ಗಿಟಾರ್ ಕೆಳಗಿಟ್ಟು, ರೆಕಾರ್ಡಿಂಗ್‌ನ ವೇಗ ಅರ್ಧಕ್ಕೆ ಇಳಿಸಿ, ಪರ್ಸಿ ಅವರ ಬಾಸ್ ಒಂದನ್ನೇ ಕೇಳಿದೆ. ಆಮೇಲೆ ಅದನ್ನು ಬಾಯಲ್ಲಿ ಗುನುಗುತ್ತಾ ಆಕ್ಟೇವ್ ನುಡಿಸಿದೆ. ಓಟ ನಿಂತಿತು! ಇಷ್ಟು ದಿನ ಗಿಟಾರ್ ಮಾತ್ರ ಕೇಳುತ್ತಿದ್ದೆ, ಉಳಿದ ಮೂವರನ್ನು ಬಿಟ್ಟೇಬಿಟ್ಟಿದ್ದೆ.

ಈಗ ಶೇ 70 ವೇಗದಲ್ಲಿ ಆಕ್ಟೇವ್‌ನ ಮೊದಲ ಸುತ್ತು ಕೈಗೆ ಕೂತಿದೆ. ಶನಿವಾರದಿಂದ ಕಾರ್ಡ್ ಭಾಗ. ಮೊದಲ ಕಾರ್ಡ್‌ನ ಮೇಲಿನ ಸ್ವರ ಸಿಕ್ಕಿದೆ, ಒಳಗಿನ ಎರಡು ಸ್ವರ ಇನ್ನೂ ಹುಡುಕುತ್ತಿದ್ದೇನೆ.