‘ಇಲ್ಲ’ ಅಂತ ಬರೆದುಕೊಂಡ ತೋಡು

ಕಾಡುಪ್ರಾಣಿಗಳ ಅಧ್ಯಯನ ನನ್ನ ಕೆಲಸ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಹುಲಿ ನೋಡಿದ್ದೀರಾ? ನೋಡಿದ್ದೇನೆ. ಆದರೆ ಅದಕ್ಕಿಂತ ಎಷ್ಟೋ ಜಾಸ್ತಿ ನೋಡಿದ್ದು ಹಿಕ್ಕೆ. ಅದೂ ನೀರುನಾಯಿಯದು.

ಕಾವೇರಿಯಲ್ಲಿ ಹಗಲು ಹೊತ್ತೇ ಗುಂಪಾಗಿ ಮೀನು ಹಿಡಿಯುವುದು ದೊಡ್ಡ ಜಾತಿಯ ನೀರುನಾಯಿ. ನಾನು ಬೆನ್ನು ಹತ್ತಿದ್ದು ಚಿಕ್ಕದನ್ನು. ಜಗತ್ತಿನ ನೀರುನಾಯಿಗಳಲ್ಲೆಲ್ಲ ಚಿಕ್ಕದು ಇದೇ, ಮೂರು ಕಿಲೋ ಆಸುಪಾಸು. ಉಗುರು ಮೊಟಕು, ಬೆರಳ ತುದಿ ದಾಟುವುದಿಲ್ಲ. ಕಲ್ಲಿನಡಿ ಕೈ ತೂರಿಸಿ, ತಡಕಿ ಏಡಿ ಹಿಡಿಯುತ್ತದೆ, ಮಳೆಗಾಲದಲ್ಲಿ ನಮ್ಮ ಹುಡುಗರು ಗದ್ದೆ ಬದಿಯಲ್ಲಿ ಹಿಡಿಯುವ ಹಾಗೇ. ಕೊಡಗಿನ ಬ್ರಹ್ಮಗಿರಿಯ ಕಾಡಿನಲ್ಲಿ ಹುಟ್ಟಿ ಕಾಫಿ ತೋಟಗಳೊಳಗೆ ಇಳಿಯುವ ತೋಡುಗಳು, ಅಂದರೆ ಸಣ್ಣ ಹಳ್ಳಗಳು, ಇದಕ್ಕೆ ಹೇಳಿ ಮಾಡಿಸಿದ ಜಾಗ. ಓಡಾಟ ಹೆಚ್ಚಾಗಿ ರಾತ್ರಿ. ಹಾಗಾಗಿ ಪ್ರಾಣಿ ಕಾಣುವುದು ಅಪರೂಪ, ಬಂಡೆ ಮೇಲೆ ಅದು ಬಿಟ್ಟುಹೋದದ್ದನ್ನು ಹುಡುಕಬೇಕು.

ಮೊದಲ ವರ್ಷ ನನಗೆ ಅವಸರ. ಜುಲೈ ತಿಂಗಳಲ್ಲೇ ಶುರು ಮಾಡಿದೆ. ಒಂದು ತೋಡಿಗೆ ಒಂದೇ ದಿನ, ಐನೂರು ಮೀಟರ್ ನಡಿಗೆ. ಕಾಲಿನ ತುಂಬ ಇಂಬಳ, ಡೇಟಾ ಶೀಟು ಒದ್ದೆ ಮುದ್ದೆ. ಶ್ರೀಮಂಗಲದ ಕಡೆಯ ಒಂದು ತೋಟದ ತೋಡಿನಲ್ಲಿ ಏನೂ ಸಿಗಲಿಲ್ಲ. ಶೀಟಿನಲ್ಲಿ ಸೊನ್ನೆ ಬರೆದೆ. ಸಾಹುಕಾರರು ಕಾಫಿ ಕೊಟ್ಟು ವಿಚಾರಿಸಿದಾಗ, ‘ನಿಮ್ಮ ತೋಡಿನಲ್ಲಿ ನೀರುನಾಯಿ ಇಲ್ಲ ಸರ್’ ಅಂದೆ. ಎಷ್ಟು ಧೈರ್ಯ ನೋಡಿ.

ಜನವರಿಯಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ ಅದೇ ದಾರಿಯಲ್ಲಿ ಹೋಗುತ್ತಿದ್ದೆ. ತೋಟದ ಕೆಲಸದವರ ಲೈನ್ ಮನೆ ಹತ್ತಿರ ಒಬ್ಬರು ಹಿರಿಯ ಹೆಂಗಸು ನಿಲ್ಲಿಸಿದರು.

‘ಮೇಡಂ, ನೀರುನಾಯಿ ಇಲ್ಲ ಅಂದ್ರಂತೆ?’

‘ಹೌದಕ್ಕ, ಹುಡುಕಿದ್ದೆ.’

‘ಪಂಪ್‌ಸೆಟ್ ಹತ್ರ ಬಂಡೆ ಮೇಲೆ ದಿನಾ ಏಡಿ ಚಿಪ್ಪು ಬಿದ್ದಿರ್ತದಲ್ಲ, ಅದು ಮತ್ತೆ ಯಾರದ್ದು? ಮಳೇಲಿ ಬಂದ್ರೆ ಬಂಡೇನೇ ಕಾಣಲ್ಲ ನಿಮಗೆ.’

ಹೋಗಿ ನೋಡಿದೆ. ಹಳೆಯದು, ಹೊಸದು, ಗುಡ್ಡೆ ಗುಡ್ಡೆ. ಏಡಿ ಚಿಪ್ಪು ತುಂಬಿದ ಹಿಕ್ಕೆ ಮುಂಗುಸಿಯದೂ ಇರಬಹುದು, ಅದಕ್ಕೇ ಮೂಗಿನ ಹತ್ತಿರ ಹಿಡಿದು ನೋಡಬೇಕಾಗುತ್ತದೆ. (ಮನೆಯಲ್ಲಿ ಈ ವಿಷಯ ಮಾತಾಡುವ ಹಾಗಿಲ್ಲ.) ಮೀನಿನ ವಾಸನೆ ಗಪ್ಪನೆ ಹೊಡೆಯಿತು, ನೀರುನಾಯಿಯದೇ. ಕ್ಯಾಮೆರಾ ಕಟ್ಟಿದೆ. ಮೂರನೇ ರಾತ್ರಿ ನಾಲ್ಕು ನೀರುನಾಯಿ, ಒಂದರ ಮೇಲೊಂದು ಬೀಳುತ್ತಾ.

ಸಂತೋಷ ಜಾಸ್ತಿ ಹೊತ್ತು ಉಳಿಯಲಿಲ್ಲ. ಅಲ್ಲಿಂದ ಕೆಳಗಿನ ತಿರುವಿನಲ್ಲಿ ತೋಡು ನೆಟ್ಟಗಾಗಿತ್ತು. ಜೆಸಿಬಿ ತರಿಸಿ, ಬಂಡೆ ಎತ್ತಿಸಿ, ಬದಿಗೆ ಗೋಡೆ ಕಟ್ಟಿಸಿದ್ದರು. ಸಾಹುಕಾರರು ಕೆಟ್ಟವರಲ್ಲ. ‘ಇದೆ ಅಂದಿದ್ರೆ ಆ ಕಲ್ಲು ಮುಟ್ತಿರಲಿಲ್ಲ. ನೀವೇ ಇಲ್ಲ ಅಂದ್ರಿ ಅಲ್ವಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಚಿಕೆಯ ಸಂಗತಿ ಅಂದರೆ, ಈ ತಪ್ಪಿಗೆ ಲೆಕ್ಕ ಆಗಲೇ ಇತ್ತು. ಪಕ್ಕದ ನಾಗರಹೊಳೆಯಲ್ಲೇ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ, ಕ್ಯಾಮೆರಾಕ್ಕೆ ಸಿಗದೆ ಹೋದ ಹುಲಿಗಳನ್ನೂ ಲೆಕ್ಕಕ್ಕೆ ತಂದಿದ್ದರು. ನೀರುನಾಯಿಗೆ ಪಟ್ಟೆ ಇಲ್ಲ, ಇದು ಯಾವುದು ಅದು ಯಾವುದು ಅಂತ ಹೇಳಲಾಗದು. ಅಂಥ ಪ್ರಾಣಿಗಳು ಒಂದು ಜಾಗದಲ್ಲಿ ಇವೆಯೇ ಇಲ್ಲವೇ ಅಂತ ಅಂದಾಜು ಮಾಡುವ ವಿಧಾನವನ್ನು 2002ರಲ್ಲಿ ಮೆಕೆಂಝಿ ಅನ್ನುವ ಸಂಖ್ಯಾಶಾಸ್ತ್ರಜ್ಞರು ಮತ್ತು ಜೊತೆಗಾರರು ಪ್ರಕಟಿಸಿದ್ದರು. ತಿರುಳು ಇಷ್ಟೇ: ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಪ್ರಾಣಿ ಇದ್ದೂ ಅದರ ಗುರುತು ನನಗೆ ಹತ್ತು ಸಲದಲ್ಲಿ ನಾಲ್ಕು ಸಲ ಮಾತ್ರ ಸಿಗುತ್ತದೆ ಅಂದುಕೊಳ್ಳಿ. ಒಂದೇ ಸಲ ಹೋದರೆ ತಪ್ಪಿಹೋಗುವ ಸಾಧ್ಯತೆ ನೂರಕ್ಕೆ 60. ಮೂರು ಸಲ ಹೋದರೂ ಸುಮಾರು 22. ಐದು ಸಲ ಹೋದರೆ 8ರ ಹತ್ತಿರ. ಮಳೆ ಬಂಡೆ ತೊಳೆದಿದ್ದರೆ ಈ ಲೆಕ್ಕ ಇನ್ನೂ ಕೆಡುತ್ತದೆ. ಪರೀಕ್ಷೆಗೆ ಇದನ್ನೆಲ್ಲ ಬರೆದು ಪಾಸಾದವಳು ನಾನು.

ಈಗ ಸರ್ವೆ ಡಿಸೆಂಬರ್ ಕಳೆದ ಮೇಲೆ, ನೀರು ಇಳಿದಾಗ. ಪ್ರತಿ ತೋಡಿಗೆ ಐದು ಸಲ, ಒಂದೇ ಸೀಸನ್‌ನೊಳಗೆ. ಶೀಟಿನಲ್ಲಿ ‘ಇದೆ’, ‘ಇಲ್ಲ’ ತೆಗೆದು ‘ಸಿಕ್ಕಿತು’, ‘ಸಿಗಲಿಲ್ಲ’ ಮಾಡಿದ್ದೇನೆ. ನೀರಿನ ಮಟ್ಟಕ್ಕೆ ಒಂದು ಕಾಲಂ. ಲೈನ್ ಮನೆಯವರು, ಮೇಸ್ತ್ರಿಗಳು ಹೇಳಿದ್ದಕ್ಕೆ ಬೇರೆಯೇ ಕಾಲಂ. ಕೇಳಿದ್ದನ್ನೂ ಕಂಡದ್ದನ್ನೂ ನಾನು ಬೆರೆಸುವುದಿಲ್ಲ, ಆದರೆ ಕೇಳದೆ ತೋಡಿಗೆ ಇಳಿಯುವುದೂ ಇಲ್ಲ.

ಆ ಅಕ್ಕನನ್ನು ಜೊತೆಗೆ ಕೆಲಸಕ್ಕೆ ಕರೆದಿದ್ದೆ. ಕೊಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತದೆ ಅಂತ ಬರಲಿಲ್ಲ.

ಗೋಡೆ ಕಟ್ಟಿದ ತಿರುವಿಗೆ ಆಮೇಲೆ ಆರು ಸಲ ಹೋಗಿದ್ದೇನೆ. ಆರೂ ಸಲ ‘ಸಿಗಲಿಲ್ಲ’ ಅಂತಲೇ ಬರೆದಿದ್ದೇನೆ.